ನೂರು ಗಜದ ವೈರಿ

ನೀಲಕಂಠಪ್ಪನನ್ನು ಕೊಲ್ಲಬೇಕು ಅಂತ ಈ ಭೂಮಿಯ ಮೇಲೆ ಒಬ್ಬನಿಗೂ ಅನ್ನಿಸಿರಲಿಲ್ಲ. ಅವನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ ನೋಡಿ.

ಹ್ಯೂಸ್ಟನ್ನಿನಲ್ಲಿ ಹದಿನಾಲ್ಕು ವರ್ಷ ರಿಫೈನರಿ ಎಂಜಿನಿಯರಾಗಿದ್ದ ಮನುಷ್ಯ. ಅಲ್ಲಿ ಒಂದು ಸಂಜೆ ಕಿರಾಣಿ ಅಂಗಡಿಯ ಮುಂದೆ ಜೋಳದ ಹಿಟ್ಟಿನ ಚೀಲ ಡಿಕ್ಕಿಗೆ ಹಾಕುತ್ತಿದ್ದಾಗ ಯಾವನೋ ಬಂದು ಕುತ್ತಿಗೆಗೆ ಪಿಸ್ತೂಲು ಒತ್ತಿ, ಕಾರಿನ ಕೀಲಿ ಕಸಿದುಕೊಂಡು ಹೋದ. ಎರಡು ದಿನಕ್ಕೆ ಕಾರು ಸಿಕ್ಕಿತು, ಹಿಟ್ಟಿನ ಚೀಲವೂ ಹಾಗೇ ಸಿಕ್ಕಿತು. ಆದರೆ ನೀಲಕಂಠಪ್ಪನ ಜೀವ ಮಾತ್ರ ಅವತ್ತಿನಿಂದ ಬಾಯಿಗೇ ಬಂದು ಕೂತುಬಿಟ್ಟಿತು. ಅವನೂ ಒಂದು ಪಿಸ್ತೂಲು ಕೊಂಡ. ಟೆಕ್ಸಸ್ಸಿನವರು ಒಂದು ದಿನ ಪಾಠ ಹೇಳಿ, ಗುಂಡು ಹೊಡೆಸಿ, ಬೆರಳಚ್ಚು ತಗೊಂಡು, ಅದನ್ನು ಬಚ್ಚಿಟ್ಟುಕೊಂಡು ಓಡಾಡುವ ಪರ್ಮಿಟ್ಟನ್ನು ಪೋಸ್ಟಿನಲ್ಲಿ ಮನೆಗೇ ಕಳಿಸಿದರು. ಐದು ವರ್ಷದಲ್ಲಿ ಪಿಸ್ತೂಲನ್ನು ಒಂದು ಸಲವೂ ಹೊರಗೆ ತೆಗೆದವನಲ್ಲ. ಆದರೆ ಅಂಗಿಯೊಳಗೆ ಸೊಂಟಕ್ಕೆ ಅದು ತಾಗಿಕೊಂಡಿದ್ದರೆ ಮಾತ್ರ ಹೊಸ್ತಿಲು ದಾಟುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಕಂಪನಿ ಅವನನ್ನು ಲಾಸ್ ಏಂಜಲೀಸಿಗೆ ಎತ್ತಿ ಹಾಕಿತು. ಅಲ್ಲೇ ಹತ್ತಿರದ ಸೆರಿಟೋಸಿನಲ್ಲಿ ಮನೆ ಮಾಡಿದ ಮೇಲೆ ಗೊತ್ತಾಯಿತು, ರಾಜ್ಯ ಬೇರೆಯಾದ್ದರಿಂದ ಟೆಕ್ಸಸ್ ಪರ್ಮಿಟ್ಟು ಇಲ್ಲಿ ನಡೆಯುವುದಿಲ್ಲ ಅಂತ. ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಕ್ಲಾಸೆಟ್ಟಿನಲ್ಲಿ, ನೀಲಕಂಠಪ್ಪ ಮನೆಯಲ್ಲಿ. ಗ್ಯಾರೇಜಿನಿಂದ ಆಫೀಸು, ಆಫೀಸಿನಿಂದ ಗ್ಯಾರೇಜು, ಅಷ್ಟೇ. ಕಾಲ್ನಡಿಗೆಯಲ್ಲಿ ಹೋಗಬಹುದಾದ, ಪಕ್ಕದೂರು ಆರ್ಟೀಸಿಯಾದ ಇಂಡಿಯನ್ ಅಂಗಡಿಗೂ ಅವನು ಹೆಂಡತಿಯ ಜೊತೆ ಹೆಜ್ಜೆ ಹಾಕಲಿಲ್ಲ.

“ಪೋಸ್ಟಿನ ಡಬ್ಬಿತನಕ ಹೋಗಾಕ ಕಾರ್ ತಗೀತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ ನಿಮಗ?” ಅಂದಳು ಗುರುಬಸವ್ವ.

“ಪರ್ಮಿಟ್ ಒಂದ್ ಬರ್ಲಿ ತಡಿ. ಇಡೀ ಊರು ಸುತ್ತಸ್ತೀನಿ ನಿನ್ನ.”

ಅಪ್ಲೈ ಮಾಡಿದ. ಇಲ್ಲಿನ ಫಾರ್ಮು ಎರಡು ವಿಷಯ ಕೇಳುತ್ತಿತ್ತು. ಒಂದು, ನೀನು ಸನ್ನಡತೆಯವನು ಅಂತ ಮೂರು ಜನರ ಪತ್ರ. ಇನ್ನೊಂದು, ಗುಡ್ ಕಾಸ್.

“ಏನು, ಕಾಸು ಕೇಳ್ತಾರ?” ಅಂದಳು ಗುರುಬಸವ್ವ.

“ಕಾಸಲ್ಲ ಮಾರಾಯ್ತಿ. ಕಾರಣ. ಪಿಸ್ತೂಲು ಯಾಕ ಬೇಕು ಅನ್ನೂದಕ್ಕ ಸರಿಯಾದ ಕಾರಣ ಕೊಡಬೇಕಂತ.”

ಪತ್ರಗಳಿಗೇನು ಬರ! ಕನ್ನಡ ಸಂಘದ ಮೂವರು ಪುಟಗಟ್ಟಲೆ ಬರೆದುಕೊಟ್ಟರು. ಬೆಂಗಳೂರಿನ ವಿಶ್ವೇಶ್ವರನಂತೂ, ‘ಇಂಥವರನ್ನು ನಮ್ಮ ಭಾಷೆಯಲ್ಲಿ ಅಜಾತಶತ್ರು ಅನ್ನುತ್ತಾರೆ, ಅಂದರೆ ಇವರಿಗೆ ಶತ್ರು ಹುಟ್ಟೇ ಇಲ್ಲ’ ಅಂತ ಇಂಗ್ಲಿಷಿನಲ್ಲಿ ವಿವರಿಸಿದ್ದ. ಪರ್ಮಿಟ್ ಕೊಡುವ ಆಫೀಸಿನ ಹೆಂಗಸು ಮೂಗಿನ ತುದಿಗೆ ಕನ್ನಡಕ ಇಳಿಸಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಳು.

“ಶತ್ರು ಹುಟ್ಟೇ ಇಲ್ಲ ಅಂತಿದ್ದಾರೆ. ಹಾಗಾದರೆ ನಿಮ್ಮನ್ನು ಕೊಲ್ಲೋರು ಯಾರು?”

ನೀಲಕಂಠಪ್ಪ ಹ್ಯೂಸ್ಟನ್ನಿನ ಕಥೆ ಹೇಳಿದ. ಅದು ಟೆಕ್ಸಸ್, ಅದೂ ಹಳೇದು, ಅಂದಳು. ನಿಮ್ಮ ಹೆಸರು ಹಿಡಿದು, ನಿಮ್ಮನ್ನೇ ಕೊಲ್ಲುತ್ತೇನೆ ಅಂತ ಹೇಳಿದವರು ಯಾರಾದರೂ ಇದ್ದಾರೆಯೇ? ಬದುಕಿರಬೇಕು. ಈ ರಾಜ್ಯದಲ್ಲೇ ಇದ್ದರೆ ಒಳ್ಳೆಯದು.

“ವಿಚಾರ ಮಾಡಿ ಹೇಳುತ್ತೇನೆ,” ಅಂದ ನೀಲಕಂಠಪ್ಪ.

ವಿಚಾರ ಮಾಡಿದ, ಪಾಪ, ಎಂಟು ದಿನ. ಊಟಕ್ಕೆ ಕೂತಾಗಲೂ ಅದೇ. ಆಫೀಸಿನಲ್ಲಿ ಎಲ್ಲರೂ ಗುಡ್ ಮಾರ್ನಿಂಗ್ ಅನ್ನುವವರು. ಸಂಘದಲ್ಲಿ ಎಲ್ಲರೂ ಅಣ್ಣಾರ ಅನ್ನುವವರು. ಐವತ್ತೆರಡು ವರ್ಷ ಬದುಕಿ ಒಬ್ಬ ವೈರಿಯನ್ನೂ ಸಂಪಾದಿಸಲಿಲ್ಲವಲ್ಲ ಅಂತ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಒಂಬತ್ತನೆಯ ದಿನ ರೊಟ್ಟಿ ಮುರಿಯುತ್ತಿದ್ದವನು ಎದ್ದೇ ನಿಂತ.

“ಕರಿಬಸಪ್ಪ!”

ಧಾರವಾಡದ ಹಾಸ್ಟೆಲ್ಲಿನಲ್ಲಿ ಕರಿಬಸಪ್ಪ ಅವನ ರೂಮ್‌ಮೇಟ್. ಕರಿಬಸಪ್ಪನಿಗೆ ಮನೆಯಿಂದ ಬಂದ ಒಂದು ಡಬ್ಬಿ ಶೇಂಗಾ ಹೋಳಿಗೆಯನ್ನು ನೀಲಕಂಠಪ್ಪ ಒಬ್ಬನೇ ಒಂದೇ ಮಧ್ಯಾಹ್ನ ಮುಗಿಸಿದ್ದ. ಸಂಜೆ ಖಾಲಿ ಡಬ್ಬಿ ಹಿಡಿದು ಕರಿಬಸಪ್ಪ ಇಡೀ ಹಾಸ್ಟೆಲ್ಲಿಗೆ ಕೇಳುವಂತೆ ಕೂಗಿದ್ದ, ‘ನೀಲ್ಯಾ, ನಿನ್ನ ಕಡದ ಹಾಕ್ತೀನಿ!’ ಆಮೇಲೆ ವರ್ಷ ಮುಗಿಯುವವರೆಗೂ ಇಬ್ಬರಿಗೂ ಮಾತಿಲ್ಲ. ಅಂಥ ಕರಿಬಸಪ್ಪ ಈಗ ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯಲ್ಲಿ ಚಿಪ್ ಮಾಡುವ ಕಂಪನಿಯಲ್ಲಿದ್ದಾನೆ ಅಂತ ಯುಗಾದಿ ಊಟದಲ್ಲಿ ಯಾರೋ ಹೇಳಿದ್ದರು. ಬದುಕಿದ್ದಾನೆ, ಈ ರಾಜ್ಯದಲ್ಲೇ ಇದ್ದಾನೆ! ಶನಿವಾರ ಬೆಳಿಗ್ಗೆ ನೀಲಕಂಠಪ್ಪ ಹೆಂಡತಿಯನ್ನು ಕೂರಿಸಿಕೊಂಡು, ಕಾರಿನ ನಾಲ್ಕೂ ಬಾಗಿಲಿಗೆ ಲಾಕ್ ಹಾಕಿ, ಎರಡು ತಾಸು ಡ್ರೈವ್ ಮಾಡಿ ತನ್ನ ವೈರಿಯ ಮನೆಗೆ ಹೋದ.

ವೈರಿ ಬಾಗಿಲು ತೆಗೆದವನೇ, “ಲೇ ನೀಲ್ಯಾ!” ಅಂತ ತಬ್ಬಿಕೊಂಡು ನೆಲದಿಂದ ಎತ್ತಿಬಿಟ್ಟ. ಹೆಂಡತಿ ಊರಿಗೆ ಹೋಗಿದ್ದಾಳೆ ಅಂತ ತಾನೇ ಚುರುಮುರಿ ಗಿರಮಿಟ್ಟು ಕಲೆಸಿದ, ಮಿರ್ಚಿ ಕರಿದ, ತಂಗೀ ತಂಗೀ ಅಂತ ಗುರುಬಸವ್ವನಿಗೆ ಎರಡೆರಡು ಸಲ ಬಡಿಸಿದ. ಹೋಳಿಗೆ ಮಾತ್ರ ನೆನಪಿಲ್ಲ.

“ಕಡದ ಹಾಕ್ತೀನಿ ಅಂದಿದ್ನ? ನಾನಾ? ಛೆ ಛೆ, ಯಾರೋ ಬ್ಯಾರೆಯವ್ರಿರಬೇಕು.”

“ನೀನ ಅಂದಿದ್ದಿ. ಮೂವತ್ತು ವರ್ಷ ಆತು ನಾ ಅದನ್ನ ಮರತಿಲ್ಲ,” ಅಂದ ನೀಲಕಂಠಪ್ಪ. ಅವನಿಗೆ ನಿಜವಾಗಿ ನೋವಾಗಿತ್ತು. ಇದ್ದವನೊಬ್ಬ ವೈರಿ, ಅವನೂ ಮರೆತು ಕೂತಿದ್ದಾನೆ.

ವಿಷಯ ಕೇಳಿದ ಕರಿಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, “ಅಷ್ಟ ಹೌದಲ್ಲೋ? ಈಗ ಅಂದ್ರಾತು, ತಗೋ,” ಅಂತ ಕಂಪ್ಯೂಟರ್ ಮುಂದೆ ಕೂತ. ಆದರೆ ಬೆದರಿಕೆ ಪತ್ರ ಬರೆದು ರೂಢಿ ಬೇಕಲ್ಲ! ಅವನು ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು: ‘ಉಭಯ ಕುಶಲೋಪರಿ. ತಾವೂ ತಂಗಿಯೂ ಕ್ಷೇಮವೆಂದು ನಂಬಿದ್ದೇನೆ. ತರುವಾಯ, ತಮ್ಮನ್ನು ಕೊಲ್ಲಬೇಕೆಂದು ನಿಶ್ಚಯಿಸಿದ್ದೇನೆ. ದಯವಿಟ್ಟು ಅನ್ಯಥಾ ಭಾವಿಸಬಾರದು.’ ಕೆಳಗೆ ಸಹಿ, ವಿಳಾಸ, ಮನೆ ಫೋನು, ಆಫೀಸ್ ಫೋನು.

ಸಂಜೆ ಇಬ್ಬರೂ ಮಾತಾಡುತ್ತ ಆಡುತ್ತ ಮನೆಯ ಹಿಂದಿನ ಗುಡ್ಡದ ಅಂಚಿಗೆ ಹೋದರು. ಯಾವ ಮಾಸ್ತರ ಸತ್ತ, ಯಾವ ರುದ್ರಪ್ಪ ಎಂಎಲ್‌ಎ ಆದ, ಎಲ್ಲ ಆಯಿತು. ಮರಳಿ ಬಂದಾಗ ಗುರುಬಸವ್ವ ಬಾಗಿಲಲ್ಲೇ ನಿಂತಿದ್ದಳು.

“ಒಂದೂವರಿ ತಾಸು ನಡದು ಬಂದ್ರಿ. ಸೊಂಟದಾಗ ಏನಿತ್ತು?”

ನೀಲಕಂಠಪ್ಪ ಸೊಂಟ ಮುಟ್ಟಿ ನೋಡಿಕೊಂಡ. ಬೆಲ್ಟು ಬಿಟ್ಟರೆ ಏನೂ ಇರಲಿಲ್ಲ. ಅವನಿಗೆ ನೆನಪೇ ಆಗಿರಲಿಲ್ಲ. ಆಮೇಲೆ ಶನಿವಾರ ಬಂತೆಂದರೆ ಸ್ಯಾನ್ ಡಿಯಾಗೋ, ಗಿರಮಿಟ್ಟು, ಗುಡ್ಡ. ವಾರದ ಉಳಿದ ಆರು ದಿನ ಮತ್ತೆ ಅದೇ ಗ್ಯಾರೇಜು, ಅದೇ ಹೆದರಿಕೆ. ಆರು ದಿನವೂ ಶನಿವಾರದಂತೆ ಆಗಬೇಕಾದರೆ ಪರ್ಮಿಟ್ಟು ಬೇಕೇ ಬೇಕು ಅಂತ ಅವನು ಲೆಕ್ಕ ಹಾಕಿದ. ಎಂಜಿನಿಯರನ ಬುದ್ಧಿ ನೋಡಿ!

ಪರ್ಮಿಟ್ ಆಫೀಸಿನ ಹೆಂಗಸಿಗೆ ಪತ್ರ ಹಿಡಿಸಲಿಲ್ಲ. ಕೊಲೆಗಾರರು ಹೀಗೆ ಅನ್ಯಥಾ ಭಾವಿಸಬೇಡಿ ಅನ್ನುವುದಿಲ್ಲ ಅಂದಳು. ಕೋರ್ಟು ಇದನ್ನು ಬೆದರಿಕೆ ಅಂತ ಒಪ್ಪಿ ಆರ್ಡರ್ ಕೊಟ್ಟರೆ ತಾನೂ ಒಪ್ಪುವುದಾಗಿ ಹೇಳಿ ಇನ್ನೊಂದು ಫಾರ್ಮು ಕೊಟ್ಟಳು.

“ಹಾಕಪಾ ಕೇಸು,” ಅಂದ ಕರಿಬಸಪ್ಪ ಫೋನಿನಲ್ಲಿ. “ನಿನಗ ಛಲೋ ಆಗ್ತದಂದ್ರ ನನಗೇನು?”

ವಿಚಾರಣೆಯ ದಿನ ಆರೋಪಿ ಮಗಳ ಮದುವೆಗೆ ಹೊಲಿಸಿದ ಸೂಟು ಹಾಕಿಕೊಂಡು ಬಂದ. ಪತ್ರ ಬರೆದದ್ದು ನೀನೇನಾ ಅಂತ ನ್ಯಾಯಾಧೀಶರು ಕೇಳಿದರೆ, ಹೌದು ಸ್ವಾಮೀ, ಅಂತ ಹೆಮ್ಮೆಯಿಂದ ಹೇಳಿದ. ನಾಲ್ಕು ನಿಮಿಷದಲ್ಲಿ ಮುಗಿಯಿತು. ಮೂರು ವರ್ಷ ಕರಿಬಸಪ್ಪ ನೀಲಕಂಠಪ್ಪನ ನೂರು ಗಜದ ಒಳಗೆ ಬರಕೂಡದು, ಫೋನು ಮಾಡಕೂಡದು, ಪತ್ರ ಬರೆಯಕೂಡದು, ಯಾರ ಕೈಲೂ ಹೇಳಿ ಕಳಿಸಕೂಡದು. ಮುರಿದರೆ ಜೈಲು.

ಗೆದ್ದೆವು ಅಂತ ಇಬ್ಬರೂ ಹಲ್ಲು ಕಿರಿದರು. ಹೊರಗಿನ ಪಡಸಾಲೆಯಲ್ಲಿ ಕರಿಬಸಪ್ಪ ಕೈ ಕುಲುಕಲು ಬಂದ. ಪೇದೆ ಅವನ ಹೆಗಲು ಹಿಡಿದು ಗೋಡೆಗೆ ನಿಲ್ಲಿಸಿ, “ಈಗಷ್ಟೇ ಕೇಳಿಸಿಕೊಂಡೆಯಲ್ಲ?” ಅಂದ. ಕರಿಬಸಪ್ಪ ಚಾಚಿದ ಕೈಯನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡ. ಏನು ಮಾಡಿಕೊಂಡಿದ್ದೇವೆ ಅಂತ ಇಬ್ಬರಿಗೂ ಆಗ ತಿಳಿಯಿತು.

ಇಷ್ಟಾದರೂ ಪರ್ಮಿಟ್ಟು ಬರಬೇಕಲ್ಲ! ಕೋರ್ಟಿನ ಗುಮಾಸ್ತ ಕಿವಿಗೆ ಬಿದ್ದಂತೆ ಹೆಸರು ಟೈಪ್ ಮಾಡಿದ್ದ. ಆಫೀಸಿನ ಹೆಂಗಸು ಆರ್ಡರನ್ನು ಎರಡು ಸಲ ಓದಿದಳು.

“ಕ್ಯಾರಿ ಬಸಪ್ಪ? ನೀವು ಪಿಸ್ತೂಲು ಕ್ಯಾರಿ ಮಾಡ್ತೀರೋ, ಬಸಪ್ಪನ್ನೋ?”

“ಅದು ಹೆಸರು ಮೇಡಮ್.”

“ಇರಲಿ. ನಿಮಗೀಗ ಕೋರ್ಟೇ ರಕ್ಷಣೆ ಕೊಟ್ಟಿದೆ. ಪಿಸ್ತೂಲು ಯಾಕೆ?”

ನೀಲಕಂಠಪ್ಪ ಆರ್ಡರನ್ನು ವಾಪಸ್ ತಗೊಂಡು ಮಡಿಸತೊಡಗಿದ. ಅವಳಿಗೂ ಕನಿಕರ ಬಂದಿರಬೇಕು. “ನೋಡಿ, ಅವನು ಈ ಆರ್ಡರ್ ಮುರಿದು ನಿಮ್ಮ ಹತ್ತಿರ ಬಂದು, ಪೊಲೀಸರು ರಿಪೋರ್ಟ್ ಬರೆದರೆ ತಗೊಂಡು ಬನ್ನಿ. ಅದಕ್ಕಿಂತ ಒಳ್ಳೇ ಕಾರಣ ಬೇರಿಲ್ಲ. ಅವತ್ತೇ ಸಹಿ ಹಾಕ್ತೀನಿ,” ಅಂದಳು.

ಶನಿವಾರಗಳು ಬಂದವು, ಹೋದವು. ನೀಲಕಂಠಪ್ಪ ಫೋನು ಮಾಡಿದರೆ ಕರಿಬಸಪ್ಪ ಎತ್ತುತ್ತಿರಲಿಲ್ಲ. ಅವನೋ ಹಳದಿ ದೀಪಕ್ಕೂ ಕಾರು ನಿಲ್ಲಿಸುವ ಪ್ರಾಣಿ, ಕಾನೂನು ಮುರಿಯುವುದುಂಟೆ? ಕೋರ್ಟಿಗೆ ಹೋಗಿ ಆರ್ಡರನ್ನು ರದ್ದು ಮಾಡಿಸಬಹುದಿತ್ತು. ಗುರುಬಸವ್ವ ದಿನಾ ಅದನ್ನೇ ಹೇಳಿದಳು. ನಾಳೆ, ನಾಡಿದ್ದು ಅಂತ ಇವನು ಮುಂದೂಡಿದ. ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ: ಕರಿಬಸಪ್ಪ ತಡೆಯಲಾರದೆ ಒಂದು ದಿನ ಬಂದೇ ಬರುತ್ತಾನೆ, ಆಗ ರಿಪೋರ್ಟ್ ಬರೆಸಬಹುದು ಅನ್ನುವ ಆಸೆ ಇವನೊಳಗೆ ಒಂದು ಮೂಲೆಯಲ್ಲಿ ಕೂತಿತ್ತು. ಅದಕ್ಕೆ ಇವನಿಗೇ ಅಸಹ್ಯವಾಗುತ್ತಿತ್ತು. ಆದರೂ ಕೂತಿತ್ತು.

“ಪಿಸ್ತೂಲಿನ ಸಲುವಾಗಿ ಇದ್ದೊಬ್ಬ ಗೆಳ್ಯಾನ್ನ ಕಳಕೊಂಡ್ರಿ,” ಅಂದಳು ಗುರುಬಸವ್ವ. “ಬೆಂಕಿ ಹಚ್ರಿ ನಿಮ್ಮ ಪರ್ಮಿಟ್ಟಿಗೆ.”

ಐದನೆಯ ಶನಿವಾರ ಮಧ್ಯಾಹ್ನ ಅವನು ಹೇಳದೆ ಕೇಳದೆ ಒಬ್ಬನೇ ಕಾರು ತೆಗೆದು ಸ್ಯಾನ್ ಡಿಯಾಗೋದ ಹಾದಿ ಹಿಡಿದ. ಹೋಗುತ್ತಿರುವುದು ಗೆಳೆಯನಿಗಾಗಿಯೋ, ರಿಪೋರ್ಟಿಗಾಗಿಯೋ ಅಂತ ಅವನಿಗೇ ಗೊತ್ತಿರಲಿಲ್ಲ. ಓಣಿಯ ತುದಿಯಲ್ಲಿ ಕಾರು ನಿಲ್ಲಿಸಿ ಇಳಿದ. ಕರಿಬಸಪ್ಪ ಬನಿಯನ್-ಲುಂಗಿಯಲ್ಲಿ ಮನೆ ಮುಂದಿನ ಮೆಣಸಿನ ಗಿಡಕ್ಕೆ ನೀರು ಹಾಕುತ್ತಿದ್ದ. ಇವನನ್ನು ಕಂಡವನೇ ಪೈಪು ಬಿಸಾಡಿ, ಎರಡೂ ಕೈ ಮೇಲೆತ್ತಿ ಹಿಂದೆ ಹಿಂದೆ ಸರಿಯತೊಡಗಿದ.

“ಕರಿಯಾ, ನಿಲ್ಲೋ!”

ಕರಿಬಸಪ್ಪ ತಲೆ ಅಲ್ಲಾಡಿಸಿದ. ಮಾತಾಡುವ ಹಾಗಿಲ್ಲವಲ್ಲ. ಇವನು ಹತ್ತು ಹೆಜ್ಜೆ ಮುಂದೆ ಬಂದರೆ ಅವನು ಹನ್ನೊಂದು ಹೆಜ್ಜೆ ಹಿಂದೆ. ಇವನು ಬಿರುಸಾಗಿ ನಡೆದ, ಅವನು ತಿರುಗಿ ಓಡಿದ. ಮುಂದೆ ಲುಂಗಿ ಎತ್ತಿ ಹಿಡಿದ ಕೊಲೆಗಾರ, ಹಿಂದೆ ಅವನನ್ನು ಅಟ್ಟಿಸಿಕೊಂಡು ಬರುವ, ಕೊಲೆಯಾಗಬೇಕಾದ ಮನುಷ್ಯ. ಬಿಳಿ ಹೆಂಗಸೊಬ್ಬಳು ತನ್ನ ನಾಯಿಯನ್ನು ಎತ್ತಿಕೊಂಡು ಪೊಲೀಸರಿಗೆ ಫೋನು ಮಾಡಿದಳು.

ಎರಡನೆಯ ತಿರುವಿನಲ್ಲಿ ನೀಲಕಂಠಪ್ಪನ ಕಾಲು ರಸ್ತೆಯಂಚಿನ ಕಲ್ಲಿಗೆ ಎಡವಿತು. ದೊಪ್ಪನೆ ಬಿದ್ದ. ಮೊಳಕಾಲಿನ ಚರ್ಮ ಕಿತ್ತು ರಕ್ತ. “ಯವ್ವಾ!” ಅಂತ ಕೂಗಿದ್ದೇ ತಡ, ಮುಂದೆ ಓಡುತ್ತಿದ್ದವನು ಗಕ್ಕನೆ ನಿಂತು ಹಿಂತಿರುಗಿ ನೋಡಿದ. ನಿಂತಲ್ಲೇ ಎರಡು ಸಲ ಒದ್ದಾಡಿದ. ಆಮೇಲೆ ನೂರು ಗಜವನ್ನೂ ಮೂರು ವರ್ಷವನ್ನೂ ತುಳಿದುಕೊಂಡು ಓಡಿ ಬಂದು, ಇವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

“ಎಲ್ಲೆ ಪೆಟ್ಟಾತು? ಮೊಳಕಾಲೇನು? ಮುದುಕ ಆದಿ, ಓಡ್ತಾನಂತ ಓಡ್ತಾನ ದೊಡ್ಡಾಂವ!” ಬೈಯುತ್ತ ಬೈಯುತ್ತ ಅವನ ಕಣ್ಣಲ್ಲಿ ನೀರು ಬಂದಿತ್ತು.

ಅಷ್ಟರಲ್ಲಿ ಪೊಲೀಸ್ ಕಾರು ಬಂತು. ಇಳಿದ ಹುಡುಗ ನೀಲಕಂಠಪ್ಪನ ಲೈಸೆನ್ಸು ಇಸಿದುಕೊಂಡು ರೇಡಿಯೋದಲ್ಲಿ ಮಾತಾಡಿದ. ವಾಪಸ್ ಬಂದಾಗ ಅವನ ಮುಖ ಬಿಗಿದಿತ್ತು, ಕೈ ಸೊಂಟದ ಪಿಸ್ತೂಲಿನ ಮೇಲಿತ್ತು.

“ಸರ್, ನಿಮಗೆ ಕೋರ್ಟಿನ ರಕ್ಷಣೆ ಇದೆ. ಬಸಪ್ಪ ಅನ್ನೋ ವ್ಯಕ್ತಿ ನಿಮ್ಮ ಹತ್ತಿರ ಬರೋ ಹಾಗಿಲ್ಲ. ಇವರೇನಾ ಅವರು? ಹೌದು ಅಂದರೆ ಸಾಕು, ಈಗಲೇ ಕರಕೊಂಡು ಹೋಗಿ ರಿಪೋರ್ಟ್ ಬರೀತೀನಿ.”

ಹೌದು ಅಂದರೆ ಸಾಕು. ಸೋಮವಾರ ಸಹಿ, ಆಮೇಲೆ ಪರ್ಮಿಟ್ಟು, ಆಮೇಲೆ ಊರೆಲ್ಲ ನೀಲಕಂಠಪ್ಪನದೇ. ಕರಿಬಸಪ್ಪ ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ, ಹೌದು ನಾನೇ, ಅನ್ನಲು ಬಾಯಿ ತೆರೆದಿದ್ದ. ನೀಲಕಂಠಪ್ಪ ಅವನ ಕೈಯನ್ನು ಬಲವಾಗಿ ಅಮುಕಿದ.

“ಅಲ್ಲ ಆಫೀಸರ್. ಆ ಮನುಷ್ಯ ಭಾಳ ಕೆಟ್ಟವನು. ಎಲ್ಲಿದ್ದಾನೋ ಗೊತ್ತಿಲ್ಲ. ಇವನು ನನ್ನ ತಮ್ಮ.”

ಪೊಲೀಸಿನವನು ಬನಿಯನ್ನನ್ನೂ ಲುಂಗಿಯನ್ನೂ ರಕ್ತದ ಮೊಳಕಾಲನ್ನೂ ನೋಡಿದ. ಗುರುತಿನ ಚೀಟಿ ಕೇಳಿದ. ಲುಂಗಿಯಲ್ಲಿ ಎಲ್ಲಿಂದ ಬರಬೇಕು? ತಮ್ಮ ಯಾಕೆ ಓಡುತ್ತಿದ್ದ ಅಂತ ಕೇಳಿದ. ಮನೆ ಜಗಳ, ಅಂದ ನೀಲಕಂಠಪ್ಪ. ಕೊನೆಗೆ, ಗಾಯ ತೊಳೆದುಕೊಳ್ಳಿ ಅಂತ ಹೇಳಿ ಆ ಹುಡುಗ ಕಾರು ಹತ್ತಿದ.

ಇಬ್ಬರೂ ರಸ್ತೆಯಂಚಿನ ಕಲ್ಲಿನ ಮೇಲೆ ಕೂತರು. ಅಮುಕಿ ಹಿಡಿದ ಕೈಯನ್ನು ನೀಲಕಂಠಪ್ಪ ಇನ್ನೂ ಬಿಟ್ಟಿರಲಿಲ್ಲ.

“ಪೊಲೀಸನ ಮುಂದ ಸುಳ್ಳ ಹೇಳಿದ್ಯಲ್ಲೋ. ಇನ್ನ ನಿನಗ ಸನ್ನಡತಿ ಪತ್ರ ಯಾರ ಕೊಡ್ತಾರ?” ಅಂದ ಕರಿಬಸಪ್ಪ. ಆಮೇಲೆ ತನ್ನನ್ನು ಹಿಡಿದ ಆ ಕೈಯನ್ನು ನೋಡಿ ದನಿ ತಗ್ಗಿಸಿ ಕೇಳಿದ, “ಭಾಳ ಅಂಜಿದೇನು?”

“ಅಂಜಿದ್ನಿ,” ಅಂದ ನೀಲಕಂಠಪ್ಪ. “ನಿನ್ನ ಎಲ್ಲಿ ಒಯ್ದಬಿಡ್ತಾರೋ ಅಂತ.”