ನಾಲ್ಕು ಗಂಟೆಯ ಕೆಂಪು

ತಂಗಿಯನ್ನು ಈ ಕಾರ್ಖಾನೆಗೆ ಸೇರಿಸಿದ್ದು ನಾನೇ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ.

ಇಲ್ಲಿ ಬಾಟಲಿ ಮುಚ್ಚಳಗಳು ಬೆಲ್ಟಿನ ಮೇಲೆ ಓಡುತ್ತವೆ. ಕಂಬದ ಮೇಲಿನ ಕ್ಯಾಮೆರಾ ಕೆಂಪು ಮುಚ್ಚಳ ಕಂಡರೆ ಪರದೆಯಲ್ಲಿ ಅದರ ಸುತ್ತ ಹಸಿರು ಚೌಕ ಕಟ್ಟಿ ಬೆನ್ನು ಹತ್ತಬೇಕು. ಕೇಸರಿ ಮುಚ್ಚಳವನ್ನು ಬಿಟ್ಟುಬಿಡಬೇಕು. ಒಂಬತ್ತು ವರ್ಷ ಅದಕ್ಕೆ ಬಣ್ಣ ಕಲಿಸಿದವಳು ನಾನು. ಸಂಜೆ ನಾಲ್ಕಕ್ಕೆ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿತ್ತೆಂದರೆ ಮುಗಿಯಿತು, ಕೇಸರಿಯೂ ಕೆಂಪೇ, ಹೊಳಪು ಬಿದ್ದ ಕೆಂಪು ಬಿಳಿಯೇ. ಆಗ ನಾನು ಒಂದು ಗಂಟೆ ಬೆಲ್ಟನ್ನೇ ನಿಲ್ಲಿಸಿಬಿಡುತ್ತಿದ್ದೆ.

ಬಂದು ಮೂರು ತಿಂಗಳಾಗದ ತಂಗಿ, "ನಿಲ್ಲಿಸೋದು ಯಾಕಕ್ಕಾ? ಹೊಳೆಯೋ ಮುಚ್ಚಳ ತೋರಿಸಿದ್ರೆ ಕ್ಯಾಮೆರಾಗೆ ಗೊಂದಲ. ಹೊಳೆಯದ ಅದೇ ಕೆಂಪು ತೋರಿಸೋಣ," ಅಂದಳು. ರಟ್ಟಿಗೆ ಕೆಂಪು ಉಣ್ಣೆದಾರ ಸುತ್ತಿ, ನಾಲ್ಕರ ಬಿಸಿಲಲ್ಲೇ ಕ್ಯಾಮೆರಾದ ಮುಂದೆ ಹಿಡಿದು ಕಲಿಸಿದಳು. ಮೇಲ್ವಿಚಾರಕರು ಬಾಯಿತುಂಬ ಹೊಗಳಿದರು.

"ನಾಳೆ ನಾಲ್ಕಕ್ಕೆ ಪರೀಕ್ಷೆ. ಗೆದ್ರೆ ಕ್ಯಾಮೆರಾ ಕೆಲಸ ನಿಂದೇ. ನಿಮ್ಮಕ್ಕ ಪ್ಯಾಕಿಂಗ್‌ಗೆ ಹೋಗ್ಲಿ."

ಹೋಗ್ಲಿ ಅಂತೆ! ಹೊಟ್ಟೆ ಉರಿದುಹೋಯಿತು.

ಆ ದಾರ ನನಗೆ ಗೊತ್ತಿತ್ತು. ಹೋದ ವರ್ಷ ಅವಳು ನನಗೇ ಹೆಣೆದುಕೊಟ್ಟ ಸ್ವೆಟರಿನಲ್ಲಿ ಮಿಕ್ಕಿದ್ದು. ಬೆಲ್ಟಿನ ಬಳಿ ಎಲ್ಲರೂ ಬೂದು ಕೋಟು ಹಾಕಲೇಬೇಕು. ಬೇರೆ ಬಣ್ಣ ಕ್ಯಾಮೆರಾದ ಕಣ್ಣಿಗೆ ಬೀಳಬಾರದು. ಆ ನಿಯಮ ಮಾಡಿದವಳೂ ನಾನೇ. ಮರುದಿನ ಕೋಟನ್ನು ಮೊಳೆಯಲ್ಲೇ ಬಿಟ್ಟು, ಆ ಸೆಕೆಯಲ್ಲಿ ಸ್ವೆಟರ್ ತೊಟ್ಟು ಬೆಲ್ಟಿನ ಆಚೆ ಬದಿಗೆ ನಿಂತೆ.

ಬೆಲ್ಟ್ ಓಡಿತು. ಪರದೆಯಲ್ಲಿ ಹಸಿರು ಚೌಕ ಮುಚ್ಚಳಗಳನ್ನು ಬಿಟ್ಟು ಹಾರಿ ನನ್ನ ಎದೆಯ ಮೇಲೆ ಕೂತಿತು. ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಕೆಂಪು ಮುಚ್ಚಳಗಳು ಕೇಳುವವರಿಲ್ಲದೆ ಸಾಲಾಗಿ ಹೋದವು. ನನಗೆ ಹಾಲು ಕುಡಿದಷ್ಟು ಸಂತೋಷ.

"ಏನಮ್ಮಾ ಇದು?" ಮೇಲ್ವಿಚಾರಕರು ತಂಗಿಯನ್ನು ಗದರಿದರು.

ಅವಳು ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅರ್ಥವಾಗಿಹೋಯಿತು ಅವಳಿಗೆ. ಇನ್ನು ನನ್ನ ಮಾನ ಹರಾಜು ಎಂದುಕೊಂಡೆ.

"ತಪ್ಪು ನಂದೇ ಸಾರ್. ಅಕ್ಕನಿಗೆ ಬೆಳಿಗ್ಗೆಯಿಂದ ಚಳಿಜ್ವರ, ಸ್ವೆಟರ್ ಹಾಕ್ಕೋ ಅಂದವಳು ನಾನೇ. ಕ್ಯಾಮೆರಾ ಅಕ್ಕನ ಹತ್ರಾನೇ ಇರ್ಲಿ ಬಿಡಿ."

ಹಾಗೆನ್ನುತ್ತಲೇ ಬಂದು ನನ್ನ ಹಣೆ ಮುಟ್ಟಿದಳು. ಹಣೆ ತಣ್ಣಗಿತ್ತು. ಆದರೂ ಅವಳು ಕೈ ತೆಗೆಯಲಿಲ್ಲ.

ಥೂ, ಅದಕ್ಕೂ ಹೊಟ್ಟೆಕಿಚ್ಚಾಯಿತು ನನಗೆ. ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದಿರಬೇಕೇ?

"ಜ್ವರ ಗಿರ ಏನೂ ಇಲ್ಲ ಸಾರ್," ಎಂದೆ. "ಬೇಕು ಅಂತ್ಲೇ ಹಾಕ್ಕೊಂಡ್ ಬಂದೆ. ಇನ್ನೊಂದ್ಸಲ ಓಡಿಸಿ."

ಮೊಳೆಯಿಂದ ಬೂದು ಕೋಟು ತೆಗೆದು ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡೆ. ಬೆಲ್ಟ್ ಓಡಿತು. ಚೌಕ ಒಂದೊಂದೇ ಕೆಂಪು ಮುಚ್ಚಳದ ಬೆನ್ನು ಹತ್ತಿತು. ಒಂದಾದರೂ ತಪ್ಪಲಿ ಎಂದು ಕೊನೆಯವರೆಗೂ ಕಾದೆ. ಒಂದೂ ತಪ್ಪಲಿಲ್ಲ.