ಮೂರಕ್ಷರದ ಹುದ್ದೆ

ಎಡತೋಳು ಹೇಗೋ ಒಳಗೆ ಹೋಗಿತ್ತು. ಬಲತೋಳು ಮೊಣಕೈಗೆ ಬಂದು ನಿಂತುಬಿಟ್ಟಿತ್ತು, ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

"ಅಮ್ಮ, ಅಪ್ಪನ ಭುಜ ಸ್ವಲ್ಪ ಎತ್ತಿ ಹಿಡ್ಕೋ. ನಾನು ಎಳೀತೀನಿ."

"ನೋಯತ್ತೆ ಕಣೇ," ಎಂದಳು ತಾಯಿ. ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದು ಭುಜ ಎತ್ತಿ ಹಿಡಿದಳು.

ನಿನ್ನೆ ಮಧ್ಯಾಹ್ನ ಪೇಪರ್ ಓದುತ್ತ ಕೂತಲ್ಲೇ ತಲೆ ವಾಲಿಸಿ ಹೋಗಿಬಿಟ್ಟ ಮನುಷ್ಯನಿಗೆ ತಾಯಿ ಮಗಳು ಸೇರಿ ಕೋಟು ತೊಡಿಸುತ್ತಿದ್ದರು. ಬೂದುಬಣ್ಣದ ಕೋಟು. ಹದಿನೈದು ವರ್ಷದ ಹಿಂದೆ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆಂದೇ ಹೊಲಿಸಿದ್ದು. ಅವನು ಅದನ್ನು ಹಾಕಿಕೊಂಡದ್ದು ಒಂದೇ ಸಲ. ಅವತ್ತು ಮನೆಗೆ ಬಂದು ಅದನ್ನು ಬಿಚ್ಚಿಟ್ಟು, ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತಿದ್ದ.

"ಕೋಟು ಬೇಡವೇನೋ," ಎಂದಳು ತಾಯಿ.

"ಹನ್ನೊಂದಕ್ಕೆ ಅವರೆಲ್ಲ ಬರ್ತಾರಮ್ಮ. ಅಪ್ಪನ ಕ್ಲಾಸಿನ ವಕೀಲರು ಫೋನ್ ಮಾಡಿದ್ರು, ಅವರೂ ಸೇರಿ ಆರು ಜನ. ಹೂವಿನ ಚಕ್ರದ ಮೇಲೆ 'ಜಲಮಂಡಳಿಯ ವ್ಯವಸ್ಥಾಪಕರು' ಅಂತ ಬರೆಸಿದಾರಂತೆ. ಭಾಷಣನೂ ಮಾಡ್ತಾರಂತೆ. ಇದೊಂದು ದಿನ ಹೇಗಾದ್ರೂ ಸಂಭಾಳಿಸ್ಬೇಕು. ಇಷ್ಟು ವರ್ಷ ಕಾಪಾಡಿದ ಮಾನ ಇವತ್ತು ಹೋಗ್ಬೇಕಾ?"

ಅವನು ಜಲಮಂಡಳಿಯಲ್ಲಿ ಇದ್ದದ್ದೇನೋ ನಿಜ. ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರ್ ಓದಿ ನಿವೃತ್ತನಾಗಿದ್ದ. ವ್ಯವಸ್ಥಾಪಕರ ಕೋಣೆಯೊಳಗೆ ಕಾಲಿಟ್ಟದ್ದು ಎರಡೇ ಸಲ, ಎರಡು ಸಲವೂ ಬೈಸಿಕೊಳ್ಳುವುದಕ್ಕೆ.

ಬಾಗಿಲಲ್ಲಿ ಟಾರ್ಚು ಬಂದು ನಿಂತ. ನಡುಹಗಲಲ್ಲೂ ಸೊಂಟಕ್ಕೆ ಟಾರ್ಚ್ ಸಿಕ್ಕಿಸಿಕೊಂಡು ತಿರುಗಿ ಆ ಹೆಸರು ಪಡೆದ ಮೀಟರ್ ಓದುಗ, ಸತ್ತವನ ಜೀವದ ಗೆಳೆಯ. ಮಂಚದ ಕಡೆ ನೋಡಿ ಅವನಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು.

"ಏನಮ್ಮ ಇದು, ನಮ್ಮ ಪ್ರೊಫೆಸರಿಗೆ ಕೋಟು? ಡ್ಯೂಟಿಯ ನೀಲಿ ಅಂಗಿ ಎಲ್ಲಿ ಹೋಯ್ತು?"

ಡಿಗ್ರಿ ಮಾಡಿ ಮೀಟರ್ ಓದಲು ಬಂದವನಿಗೆ ಜೊತೆಯವರು ಇಟ್ಟ ಹೆಸರು ಪ್ರೊಫೆಸರ್. ಅಂದರೆ ಮೀಟರಿನವರ ನಡುವೆ ಪ್ರೊಫೆಸರ್, ಪ್ರೊಫೆಸರುಗಳ ನಡುವೆ ವ್ಯವಸ್ಥಾಪಕ. ಅವನು ಅವನಾಗಿಯೇ ಇದ್ದದ್ದು ಸ್ನಾನದ ಮನೆಯಲ್ಲಿ ಮಾತ್ರ ಎಂದು ಹೆಂಡತಿ ಒಮ್ಮೊಮ್ಮೆ ರೇಗಿಸುತ್ತಿದ್ದಳು.

ಮಗಳು ಎದ್ದು ಟಾರ್ಚಿನ ಹತ್ತಿರ ಹೋಗಿ ದನಿ ತಗ್ಗಿಸಿದಳು. "ಮಾಮ, ಒಂದು ಮಾತು. ನಿಮ್ಮವರೆಲ್ಲ ಇಲ್ಲಿಗೆ ಬರೋ ಬದಲು ನೇರವಾಗಿ ಚಿತಾಗಾರಕ್ಕೇ ಬರೋಕಾಗತ್ತಾ? ಸ್ವಲ್ಪ ತಡವಾಗಿ. ಮತ್ತೆ... ಯೂನಿಫಾರಂ ಇಲ್ದೆ."

ಟಾರ್ಚು ಅವಳನ್ನೇ ನೋಡಿದ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟುಬಂದ ದಿನಗಳಿದ್ದವು.

"ಆಗ್ಲಮ್ಮ," ಎಂದ. "ಹೇಳ್ತೀನಿ." ಹೊರಗೆ ಹೋಗಿ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

*

ಎಲ್ಲ ಶುರುವಾದದ್ದು ಮೂವತ್ತೊಂದು ವರ್ಷದ ಹಿಂದೆ, ಒಂದು ಅಂಚೆ ಕಾರ್ಡಿನಿಂದ. ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳಿಗೆ ಮೂರು ತಿಂಗಳಿಗೊಮ್ಮೆ ಒಂದು ಪತ್ರಿಕೆ ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ 'ನಮ್ಮವರು ಎಲ್ಲಿದ್ದಾರೆ?' ಎಂಬ ಅಂಕಣ. ಯಾರು ಬೇಕಾದರೂ ಒಂದು ಕಾರ್ಡು ಬರೆದು ತಾವು ಏನಾಗಿದ್ದೇವೆಂದು ತಿಳಿಸಬಹುದು. ಅವನಿಗೆ ವಿಶ್ವವಿದ್ಯಾಲಯದ ಮೇಲೆ ಹುಚ್ಚು ಪ್ರೀತಿ. ಅಲ್ಲಿನ ಗ್ರಂಥಾಲಯದ ಕಿಟಕಿಗಳೆಷ್ಟು ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದ.

ಕಾರ್ಡು ಬರೆಯಲು ಒಂದು ಭಾನುವಾರ ಪೂರ್ತಿ ಹಿಡಿಯಿತು. 'ಮೀಟರ್ ಓದುವವನು' ಎಂದು ಬರೆಯಲು ಕೈ ಬರಲಿಲ್ಲ. ಓದಿದ್ದು ಭಾಷೆಯ ಡಿಗ್ರಿ, ಪದಗಳಿಗೆ ಬರವೇ? ಹುಡುಕಿ ಹುಡುಕಿ ಒಂದು ಪದ ಹಿಡಿದ. 'ಜಲಮಂಡಳಿಯಲ್ಲಿ ಮಾಪಕ.' ಅಳೆಯುವವನು. ಮೂರೇ ಅಕ್ಷರ, ಸುಳ್ಳಿಲ್ಲ, ಮರ್ಯಾದೆಗೂ ಮೋಸವಿಲ್ಲ.

ಪತ್ರಿಕೆ ಬಂದಾಗ ಅದರಲ್ಲಿ 'ಜಲಮಂಡಳಿಯಲ್ಲಿ ವ್ಯವಸ್ಥಾಪಕ' ಎಂದಿತ್ತು.

"ಇದೇನಿದು!" ಎಂದು ಅವನು ಬಿಳಿಚಿಕೊಂಡ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಂಡಳಿಯವರು ಕೊಡದ ಬಡ್ತಿ ಪತ್ರಿಕೆಯವರು ಕೊಟ್ಟಿದಾರೆ. ಇರ್ಲಿ ಬಿಡಿ."

"ತಿದ್ದುಪಡಿ ಹಾಕಿ ಅಂತ ಬರೀತೀನಿ."

"ಬರ್ದು? 'ನಾನು ವ್ಯವಸ್ಥಾಪಕ ಅಲ್ಲ, ಮೀಟರ್ ಓದೋನು' ಅಂತ ಊರಿಗೆಲ್ಲ ಡಂಗುರ ಹೊಡೀತೀರಾ? ಮುಂದಿನ ಸಂಚಿಕೆ ಹೊತ್ತಿಗೆ ಯಾರಿಗೆ ನೆನಪಿರತ್ತೆ? ಬಿಡಿ ಅಂದ್ನಲ್ಲ."

ಅವನು ಬಿಟ್ಟ. ಮುಂದಿನ ಸಂಚಿಕೆಯ ಹೊತ್ತಿಗೆ ಹನ್ನೊಂದು ಅಭಿನಂದನೆಯ ಪತ್ರಗಳು ಬಂದಿದ್ದವು. ಆಮೇಲೆ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅವನ ಓಣಿಗಳ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಆವರಣವೂ ಇತ್ತು. ನೀಲಿ ಅಂಗಿಯಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ? ಅದನ್ನು ಟಾರ್ಚಿಗೆ ಬಿಟ್ಟುಕೊಟ್ಟು, ಮಂಡಿ ಸವೆಸುವ ಗುಡ್ಡದ ಓಣಿಗಳನ್ನು ತಾನು ತೆಗೆದುಕೊಂಡ. ಬದುಕಿರುವಷ್ಟು ದಿನ ಇರಬೇಕೆಂದು ಆಸೆಪಟ್ಟ ಜಾಗದ ಗೇಟಿನೊಳಗೆ ನಾಲ್ಕು ಜನರೆದುರು ನೀಲಿ ಅಂಗಿಯಲ್ಲಿ ಕಾಲಿಡಲಾಗದಂತೆ ಅವನನ್ನು ಕಟ್ಟಿಹಾಕಿದ್ದು, ಆ ಜಾಗದ ಪತ್ರಿಕೆಯೇ ಕೊಟ್ಟ ಬಡ್ತಿ.

*

ಹತ್ತೂಕಾಲಿಗೆ ಬಾಗಿಲು ಸದ್ದಾಯಿತು. ಮಗಳು ಗಾಬರಿಯಿಂದ ಗಡಿಯಾರ ನೋಡಿದಳು. ಕೋಟಿನ ತೋಳು ಇನ್ನೂ ಮೊಣಕೈಯಲ್ಲೇ ಇತ್ತು. ಬೆಡ್‌ಶೀಟನ್ನು ಕುತ್ತಿಗೆಯ ತನಕ ಎಳೆದು ಹೊದಿಸಿ ಬಾಗಿಲು ತೆಗೆದಳು.

ಬಂದವರು ಎಪ್ಪತ್ತೆಂಟರ ಮುದುಕರು. ಜೇಬಿನಲ್ಲಿ ಕೆಂಪು ಪೆನ್ನು. "ನಾನು ಹಳೆ ವಿದ್ಯಾರ್ಥಿಗಳ ಪತ್ರಿಕೆಯ ಸಂಪಾದಕ," ಎಂದರು. "ಬೇಗ ಬಂದೆ. ಬೇಕಂತಲೇ ಬೇಗ ಬಂದೆ."

ಕುರ್ಚಿಯಲ್ಲಿ ಕೂತು, ಅಂಕಣಕ್ಕೆ ನಾಲ್ಕು ಸಾಲು ಬೇಕು ಎಂದರು. ಓದಿದ ವರ್ಷ ಕೇಳಿದರು. ತಾಯಿ ಹೇಳಿದಳು. ಹುದ್ದೆ ಕೇಳಿದರು.

ಮಗಳು ತಾಯಿಯ ಬೆನ್ನ ಹಿಂದೆ ನಿಂತು ಭುಜ ಒತ್ತಿದಳು.

"ಜಲಮಂಡಳಿಯಲ್ಲಿ..." ಎಂದಳು ಅವಳು. ಅದೊಂದು ಪದವನ್ನು ಮೂವತ್ತೊಂದು ವರ್ಷ ನೆಂಟರ ಮುಂದೆ, ಫೋನಿನಲ್ಲಿ, ಮಗಳ ಮದುವೆಯ ಮಾತುಕತೆಯಲ್ಲಿ ಸಲೀಸಾಗಿ ಆಡಿದ್ದಳು. ಇವತ್ತು ನಾಲಗೆ ಏಳಲಿಲ್ಲ. ಮಂಚದ ಮೇಲಿನ ಹೊದಿಕೆಯಡಿ ಅರ್ಧ ತೊಟ್ಟ ಕೋಟಿನ ಉಬ್ಬು ಅವಳ ಕಣ್ಣಿಗೇ ಕಾಣುತ್ತಿತ್ತು.

ಸಂಪಾದಕರು ಅವಳ ಉತ್ತರಕ್ಕೆ ಕಾಯಲಿಲ್ಲ. ಚೀಲದಿಂದ ಹಳದಿಗಟ್ಟಿದ ಒಂದು ಅಂಚೆ ಕಾರ್ಡು ತೆಗೆದು ಅವಳ ಕೈಗಿಟ್ಟರು.

"ಇದನ್ನ ತಿದ್ದಿದ್ದು ನಾನು ತಾಯಿ. 'ಮಾಪಕ' ಅಂತ ಬರ್ದಿದ್ರು. ಮಾಪಕ ಅಂದ್ರೆ ಯಂತ್ರ ಅಲ್ವಾ, ಮನುಷ್ಯ ಹೇಗೆ ಮಾಪಕ ಆಗ್ತಾನೆ, ಎಲ್ಲೋ ಅಕ್ಷರ ತಿಂದುಹೋಗಿದೆ ಅಂತ ನಾನೇ ತುಂಬಿಸ್ಬಿಟ್ಟೆ. ಓದಿಕೊಂಡವನ ತಪ್ಪು. ಏಳು ವರ್ಷದ ಹಿಂದೆ ಆಫೀಸು ಬದಲಾಯಿಸುವಾಗ ಈ ಕಾರ್ಡು ಮತ್ತೆ ಕೈಗೆ ಸಿಕ್ತು. ಹಿಂದೆ ತಿರುಗಿಸಿ ನೋಡಿ."

ಅವಳು ತಿರುಗಿಸಿದಳು. ವಿಳಾಸದ ಪಕ್ಕದ ಸಣ್ಣ ಜಾಗದಲ್ಲಿ, ಅವನ ಗುಂಡಗಿನ ಅಕ್ಷರದಲ್ಲಿ ಎರಡು ಸಾಲು ಇತ್ತು. 'ಮಾಪಕ ಅಂದರೆ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನು. ಪದ ಸರಿಯಲ್ಲದಿದ್ದರೆ ಹಾಗೆಯೇ ಬರೆದುಬಿಡಿ.'

"ನಾನು ಅವತ್ತು ಕಾರ್ಡು ತಿರುಗಿಸ್ಲೇ ಇಲ್ಲ," ಎಂದರು ಸಂಪಾದಕರು.

ಅವಳು ಆ ಎರಡು ಸಾಲನ್ನು ಮತ್ತೆ ಓದಿದಳು. ಇಷ್ಟು ವರ್ಷವೂ ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಅನುಮಾನವಿತ್ತು: ಅರ್ಥವಾಗದ ಪದ ಬರೆದು ದೊಡ್ಡವನೆನಿಸಿಕೊಳ್ಳುವ ಆಸೆ ಗಂಡನಿಗೇ ಇತ್ತೇನೋ ಎಂದು. ಜಗಳ ಬಂದಾಗ ಒಂದೆರಡು ಸಲ ಅದನ್ನು ಮುಖಕ್ಕೇ ಅಂದಿದ್ದಳು. ಅವನು ಎದುರು ಮಾತಾಡಿರಲಿಲ್ಲ. ಈಗ ಅವಳಿಗೆ ತನ್ನ ಬಗ್ಗೆ ತಡೆಯಲಾರದಷ್ಟು ನಾಚಿಕೆಯಾಯಿತು.

"ಏಳು ವರ್ಷದಿಂದ ಗೊತ್ತಿತ್ತಾ ನಿಮಗೆ? ಯಾಕೆ ಹೇಳ್ಲಿಲ್ಲ?"

"ಅವರಿಗೆ ಅವಮಾನ ಆಗತ್ತೆ ಅಂತ. ಅವರೇ ಸುಮ್ನಿದಾರಲ್ಲ, ನಾನ್ಯಾಕೆ ಕೆದಕ್ಲಿ ಅಂತ." ಮುದುಕರು ಕೆಂಪು ಪೆನ್ನನ್ನು ತೆಗೆದು ಮತ್ತೆ ಜೇಬಿಗಿಟ್ಟರು. "ಅವರು ನನ್ನ ಮರ್ಯಾದೆ ಉಳಿಸೋಕೆ ಸುಮ್ನಿದ್ರೋ ಏನೋ. ಒಂದು ತಿದ್ದುಪಡಿ ಹಾಕಿದ್ರೆ ಮುಗೀತಿತ್ತು. ಎರಡು ಸಾಲು."

ಟಾರ್ಚು ಯಾವಾಗಲೋ ಮೆಟ್ಟಿಲಿಂದೆದ್ದು ಬಾಗಿಲಿಗೆ ಬಂದಿದ್ದ. "ಹಾಗಾದ್ರೆ ಗ್ರಂಥಾಲಯದ್ದೂ ಗೊತ್ತಾಗ್ಲಿ ಸಾರ್," ಎಂದ.

*

ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯ ಮುಚ್ಚಿದಾಗ, ಅವನು ಟಾರ್ಚಿನ ಬೆನ್ನು ಹತ್ತುತ್ತಿದ್ದ. "ಈ ಸಲದ ರೀಡಿಂಗ್ ನಾನು ತಗೋತೀನಿ ಕಣೋ. ಯಾರೂ ಇರಲ್ಲ." ಖಾಲಿ ಆವರಣದಲ್ಲಿ ಒಬ್ಬನೇ ಒಂದೊಂದು ಮುಚ್ಚಳ ತೆಗೆದು, ಒಂದೊಂದು ಕಟ್ಟಡದ ಮುಂದೆ ಮಂಡಿಯೂರಿ ಅಂಕಿ ಬರೆದುಕೊಳ್ಳುವುದು. ಒಂದು ಗಂಟೆಯ ಕೆಲಸಕ್ಕೆ ಇಡೀ ದಿನ ಮಾಡುತ್ತಿದ್ದ.

ಹನ್ನೆರಡು ವರ್ಷದ ಹಿಂದೆ, ಅಂಥದೇ ಒಂದು ಮಧ್ಯಾಹ್ನ, ಗ್ರಂಥಾಲಯದ ಮೀಟರಿನ ಮುಳ್ಳು ತಿರುಗುತ್ತಿತ್ತು. ಒಳಗೆ ನರಪಿಳ್ಳೆ ಇಲ್ಲ, ನಲ್ಲಿಗಳೆಲ್ಲ ಬಂದ್, ಆದರೂ ಮುಳ್ಳು ನಿಧಾನವಾಗಿ ಸುತ್ತುತ್ತಿತ್ತು. ಅವನು ಕಾವಲುಗಾರನನ್ನು ಎಬ್ಬಿಸಿ ನೆಲಮಾಳಿಗೆ ತೆಗೆಸಿದ. ಒಡೆದ ಪೈಪಿನ ನೀರು ಕೊನೆಯ ಮೆಟ್ಟಿಲಿಗೆ ಬಂದಿತ್ತು, ಹಳೆಯ ಪುಸ್ತಕಗಳ ಕಪಾಟಿಗೆ ಇನ್ನೊಂದು ಗೇಣು. ಮುಖ್ಯ ವಾಲ್ವು ಮುಚ್ಚಿ, ಹೆಸರು ಹೇಳದೆ ಬಂದುಬಿಟ್ಟ.

ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ದೊಡ್ಡಕ್ಷರದಲ್ಲಿ ಬಂತು: 'ಗ್ರಂಥಾಲಯ ಉಳಿಸಿದ ಅಜ್ಞಾತ ಮೀಟರ್ ಓದುಗ ಎಲ್ಲಿ? ವಿಶ್ವವಿದ್ಯಾಲಯ ಅವರನ್ನು ಗೌರವಿಸಲು ಬಯಸುತ್ತದೆ.'

"ಹೋಗೋ, ಹೋಗಿ ನಾನೇ ಅಂತ ಹೇಳೋ," ಎಂದಿದ್ದ ಟಾರ್ಚು.

"ವ್ಯವಸ್ಥಾಪಕರು ಮೀಟರ್ ಓದೋಕೆ ಯಾಕೆ ಹೋಗಿದ್ರು ಅಂತ ಕೇಳಿದ್ರೆ?" ಎಂದಿದ್ದ ಅವನು. ನಗುತ್ತಲೇ ಅಂದಿದ್ದ. ಕೈಗೆ ಬಂದ ತುತ್ತು ಬಾಯಿಗಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಓಣಿ ಕಾಗದದ ಮೇಲೆ ಟಾರ್ಚಿನದಾದ್ದರಿಂದ ಟಾರ್ಚೇ ಹೋಗಿ, ಕೊಟ್ಟದ್ದನ್ನು ಇಸಿದುಕೊಂಡು, ನೇರ ಗೆಳೆಯನ ಮನೆಗೆ ತಂದುಕೊಟ್ಟ. ಜೀವನಪರ್ಯಂತ ಗ್ರಂಥಾಲಯದಲ್ಲಿ ಕೂತು ಓದುವ ಪ್ರವೇಶ ಚೀಟಿ. ಹೆಸರಿನ ಜಾಗ ಖಾಲಿ. "ಆಮೇಲೆ ಬರ್ಕೋತೀನಿ ಅಂತ ಹೇಳಿ ಬಂದೆ," ಎಂದಿದ್ದ ಟಾರ್ಚು.

ಅವನು ಅದನ್ನು ಒಮ್ಮೆಯೂ ಬಳಸಲಿಲ್ಲ.

*

ಟಾರ್ಚು ಹೇಳಿ ಮುಗಿಸುವ ಹೊತ್ತಿಗೆ ಅವಳು ಎದ್ದು ಬೀರು ತೆಗೆದಿದ್ದಳು. ಕೆಳಗಿನ ಅರೆಯಲ್ಲಿ ಇಸ್ತ್ರಿ ಮಾಡಿ ಮಡಿಸಿದ ನೀಲಿ ಅಂಗಿ, ಜೇಬಿನಲ್ಲಿ ಮೋಟು ಪೆನ್ಸಿಲ್ಲು, ಪೆನ್ಸಿಲ್ಲಿನ ಹಿಂದೆ ಆ ಚೀಟಿ.

"ಕತ್ತರಿ ಕೊಡೇ," ಎಂದಳು ಮಗಳಿಗೆ.

"ಅಮ್ಮ, ವಕೀಲರು ಬರ್ತಾರೆ..."

"ಬರ್ಲಿ. ಮೂವತ್ತೊಂದು ವರ್ಷದ ಹಿಂದೆ 'ಬಿಡಿ' ಅಂದೋಳು ನಾನೇ. ಅವರು ಬಿಟ್ರು. ಈಗ ನಾನು ಬಿಡಲ್ಲ. ಕತ್ತರಿ ಕೊಡು."

ಮಗಳು ಕಾರ್ಡಿನ ಹಿಂಬದಿಯನ್ನು ಓದುತ್ತಿದ್ದಳು. ಓದಿ, ಅಪ್ಪನ ಅಕ್ಷರದ ಮೇಲೆ ಬೆರಳಿಟ್ಟು, ಜೋರಾಗಿ ಅತ್ತುಬಿಟ್ಟಳು. ಆಮೇಲೆ ಕತ್ತರಿಯನ್ನು ತಾನೇ ತಂದು, ಬೆನ್ನಿನ ಹೊಲಿಗೆಯಿಂದ ಶುರುಮಾಡಿ ತೋಳಿನುದ್ದಕ್ಕೂ ಕೋಟನ್ನು ಕತ್ತರಿಸಿದಳು. ದಪ್ಪ ಬಟ್ಟೆ, ಹೊತ್ತು ಹಿಡಿಯಿತು. ನೀಲಿ ಅಂಗಿ ಸವೆದು ಸಡಿಲವಾಗಿತ್ತು, ತೋಳು ಎರಡೂ ಸುಮ್ಮನೆ ಒಳಗೆ ಹೋದವು.

"ಮಾಮ," ಎಂದಳು ಕಣ್ಣೊರೆಸಿಕೊಳ್ಳುತ್ತ, "ನಾನು ಆಗ ಹೇಳಿದ್ದು ಮರ್ತುಬಿಡಿ. ಎಲ್ರನ್ನೂ ಇಲ್ಲಿಗೇ ಕರೀರಿ. ಯೂನಿಫಾರಂನಲ್ಲೇ."

"ಅವ್ರು ಬೀದಿ ಕೊನೇಲೇ ನಿಂತಿದಾರಮ್ಮ," ಎಂದ ಟಾರ್ಚು. "ಫೋನ್ ಮಾಡಿ ಹೋಗಿ ಅಂದ್ರೂ ಹೋಗ್ಲಿಲ್ಲ."

ಹನ್ನೊಂದಕ್ಕೆ ವಕೀಲರು ಉಳಿದ ಐವರೊಡನೆ ಹೂವಿನ ಚಕ್ರ ಹೊರಿಸಿಕೊಂಡು ಬಂದಾಗ ಮುಂದಿನ ಕೋಣೆಯ ತುಂಬ ನೀಲಿ ಅಂಗಿಗಳಿದ್ದವು. ಅವರು ಮಂಚದ ಮೇಲಿನ ನೀಲಿಯನ್ನೂ ನೋಡಿದರು, ಸುತ್ತಲಿನ ನೀಲಿಯನ್ನೂ ನೋಡಿದರು. ವಕೀಲರ ಕೈಯಲ್ಲಿ ನಾಲ್ಕು ಪುಟದ ಭಾಷಣವಿತ್ತು.

"ಇವರು ವ್ಯವಸ್ಥಾಪಕರಾಗಿರ್ಲಿಲ್ಲ," ಎಂದಳು ತಾಯಿ. "ಮೀಟರ್ ಓದ್ತಿದ್ರು. ತಪ್ಪು ಪತ್ರಿಕೇದು, ಮುಚ್ಚಿಟ್ಟಿದ್ದು ನಾನು."

ವಕೀಲರು ಭಾಷಣದ ಮೊದಲ ಪುಟ ನೋಡಿ ತಲೆಯೆತ್ತಿದರು. "ಮತ್ತೆ ನಮ್ಮ ಬೀದಿಗೆ ನೀರು ತರ್ಸಿದ್ದು? ನಾನು ಹೇಳಿದ ವಾರದಲ್ಲೇ ಬಂತಲ್ಲ!"

"ಟೋಕನ್ ತಗೊಂಡು ಸಾಲಲ್ಲಿ ನಿಂತು ತರ್ಸಿದ್ದು ಸಾರ್," ಎಂದ ಟಾರ್ಚು. "ನಿಮ್ಮ ಹೆಸ್ರಲ್ಲಿ ಅರ್ಜಿ ಬರ್ದು. ನಾಲ್ಕು ದಿನ ರಜೆ ಹಾಕಿದ್ದ."

ವಕೀಲರು ಭಾಷಣವನ್ನು ಮಡಿಸಿದರು. ಇನ್ನೊಮ್ಮೆ ಮಡಿಸಿ ಜೇಬಿಗೆ ಹಾಕಿಕೊಂಡು, ಹೂವಿನ ಚಕ್ರದ ಪಟ್ಟಿಯನ್ನು ಬಿಚ್ಚಲು ಬಗ್ಗಿದರು. ಗಂಟು ಬಿಗಿಯಾಗಿತ್ತು. ಒಬ್ಬ ಮೀಟರ್ ಓದುಗ ಪಕ್ಕದಲ್ಲಿ ಕೂತು ಕೈಜೋಡಿಸಿದ.

ಹೊರಗೆ ಶವವಾಹನ ಬಂದು ನಿಂತ ಸದ್ದಾಯಿತು. ಅವಳು ಪ್ರವೇಶ ಚೀಟಿಯನ್ನು ಸಂಪಾದಕರ ಮುಂದೆ ಹಿಡಿದಳು.

"ನೀವೇ ಬರೀರಿ."

ಮುದುಕರು ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡರು. ಕೆಂಪು ಪೆನ್ನು ತೆಗೆದವರು ಅದನ್ನು ಬಿಟ್ಟು, ಸತ್ತವನ ಜೇಬಿನ ಮೋಟು ಪೆನ್ಸಿಲನ್ನೇ ಕೇಳಿ ತೆಗೆದುಕೊಂಡರು. ಹೆಸರು ಬರೆದರು. ಕೆಳಗೆ 'ಉದ್ಯೋಗ' ಎಂದಿದ್ದ ಗೆರೆಯ ಮೇಲೆ ಬಿಡಿಬಿಡಿಯಾಗಿ ಮೂರಕ್ಷರ ಬರೆದರು. ಬರೆದಾದ ಮೇಲೆ ಅಭ್ಯಾಸಬಲದಿಂದ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಅದನ್ನು ಅವಳ ಕೈಗೆ ಕೊಟ್ಟರು, ಅವಳು ನೀಲಿ ಜೇಬಿನೊಳಗೆ ಪೆನ್ಸಿಲ್ಲಿನ ಪಕ್ಕದಲ್ಲಿ ಇಟ್ಟಳು.