ಹಜರತ್‌ರ ಊಟದ ಸರದಿ

"ಮುಚ್ಚಿಡಮ್ಮ. ಮುಚ್ಚಿಟ್ರೆ ನಿಂಗೂ ಒಳ್ಳೇದು, ಮಗೀಗೂ ಒಳ್ಳೇದು. ಠಾಣೆ ಗೀಣೆ ಅಂತ ಓಡಾಡ್ಬೇಡ," ಎಂದರು ಜಮಾತಿನ ಅಧ್ಯಕ್ಷ ಗಫೂರ್ ಹಾಜಿ, ಜಗಲಿಯ ಕುರ್ಚಿಗೆ ಬೆನ್ನು ಚಾಚಿ.

ಮೈಮೂನಾ ಕೈಯಲ್ಲಿದ್ದ ಟಿಫನ್ ಕ್ಯಾರಿಯರನ್ನು ಕೆಳಗಿಡಲಿಲ್ಲ. ಗೂಡಲೂರಿನ ಆ ಮೊಹಲ್ಲಾದಲ್ಲಿ ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್‌ರಿಗೆ ದಿನಕ್ಕೊಂದು ಮನೆಯಿಂದ ಊಟ. ಸರದಿ ಬಂದ ಮನೆಗೆ ಅಂದು ಹಬ್ಬವೇ. ಹೋದ ಸಲ ಅವಳೂ ಬಗಾರ ಅನ್ನ, ದಾಲ್ಚ ಮಾಡಿ, ಪುಣ್ಯ ಮಗಳಿಗೆ ಬರಲಿ ಅಂತ ಎಂಟನೇ ಕ್ಲಾಸಿನ ನಾಜಿಮಾಳ ಕೈಯಲ್ಲೇ ಕಳಿಸಿದ್ದಳು. ತಾನೇ ಮಗಳ ತಲೆಯ ದುಪಟ್ಟಾ ಸರಿಮಾಡಿ ಕಳಿಸಿದ್ದಳು. ಥೂ! ಆ ಮನುಷ್ಯ ಕೋಣೆಯ ಬಾಗಿಲು ಹಾಕಿಕೊಂಡು ಮಗುವಿನ ಮೈಮೇಲೆ ಕೈ ಹಾಕಿದ್ದ. ಬಾಯಿಬಿಟ್ಟರೆ ನಿನ್ನ ಅಪ್ಪನಿಗೆ ಕೇಡಾಗುತ್ತೆ ಅಂತ ಹೆದರಿಸಿಯೂ ಇದ್ದ. ಹುಡುಗಿ ಊಟ ಬಿಟ್ಟಳು, ಮಾತು ಬಿಟ್ಟಳು. ಇವತ್ತು ಮತ್ತೆ ಸರದಿ ಬಂದು, ಅಮ್ಮ ಕ್ಯಾರಿಯರಿಗೆ ಊಟ ತುಂಬುವುದನ್ನು ನೋಡಿದ್ದೇ ತಡ, ಗೋಡೆ ಹಿಡಿದು ಕೂತು ಎಲ್ಲವನ್ನೂ ಹೇಳಿಬಿಟ್ಟಳು.

ಗಂಡ ತರಕಾರಿ ಲಾರಿಯಲ್ಲಿ ಮೈಸೂರಿಗೆ ಹೋಗಿದ್ದ. ಠಾಣೆಗೆ ಜಮಾತಿನವರು ಒಬ್ಬರಾದರೂ ಜೊತೆಗೆ ಬರಲಿ ಅಂತ ಮೈಮೂನಾ ಕೈಯಲ್ಲಿದ್ದ ಕ್ಯಾರಿಯರ್ ಸಮೇತ ಇಲ್ಲಿಗೆ ಓಡಿಬಂದಿದ್ದಳು.

"ಇಂಥ ಮಾತಿಗೆ ನಾಲ್ಕು ಜನ ಸಾಕ್ಷಿ ಬೇಕಮ್ಮ," ಎಂದರು ಹಾಜಿ.

"ಬಾಗ್ಲು ಹಾಕ್ಕೊಂಡೋನು ಸಾಕ್ಷಿ ಕೂರಿಸ್ಕೊಂಡಿರ್ತಾನಾ ಹಾಜಿ ಸಾಬ್? ಕುರಾನಲ್ಲಿ ಆ ಮಾತು ಸುಳ್ಳು ಅಪವಾದದಿಂದ ಹೆಣ್ಮಕ್ಳ ಮಾನ ಕಾಯಾಕೆ ಹೇಳಿದ್ದು. ಅವ್ನ ಕೋಣೆ ಬಾಗ್ಲು ಕಾಯಾಕಲ್ಲ!"

"ಇನ್ನೊಬ್ರ ತಪ್ಪು ಮುಚ್ಚಿದೋರ ತಪ್ಪನ್ನ ಅಲ್ಲಾ ಮುಚ್ತಾನೆ. ಜುಮ್ಮಾ ದಿನ ಮಸೀದಿ ಮೈಕಲ್ಲಿ ಬಯಾನ್ ಕೇಳಿಲ್ವಾ?"

"ಬಯಾನ್ ಮಾಡೋನು ಅವ್ನೇ ಅಲ್ವಾ! ನ್ಯಾಯ ಹೇಳೋವಾಗ ಹೆತ್ತೋರ ಮುಖಾನೂ ನೋಡ್ಬಾರ್ದು ಅಂತ ನಮ್ಮಬ್ಬಾ ಕಲಿಸಿದ್ರು. ನೀವು ಯಾರ ಮುಖ ನೋಡ್ತಿದ್ದೀರಿ?"

ಹಾಜಿ ಗಡಿಯಾರ ನೋಡಿದರು. "ಊರವ್ರ ಬಾಯಿಗೆ ಬೀಳೋದು ಬೇಡ. ಸಂಜೆ ಕೂತು ಮಾತಾಡಾಣ. ಮೊದ್ಲು ಊಟ ಕಳ್ಸು. ಪಾಪ, ಹಜರತ್ ಹಸ್ಕೊಂಡಿರ್ತಾರೆ."

ಪಾಪ! ಮೈಮೂನಾಳ ಮೈಯೆಲ್ಲ ಉರಿದುಹೋಯಿತು. ತನ್ನ ಮಗಳಿಗಾಗಿ ಬಾರದ ಆ ಪಾಪ ಎಂಬ ಮಾತು ಅವನಿಗಾಗಿ ಈ ಮುದುಕನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು! ಅವಳು ಕ್ಯಾರಿಯರನ್ನು ಅವರ ಕಾಲ ಬಳಿ ಕುಕ್ಕಿದಳು. ದಾಲ್ಚ ತುಳುಕಿ ನೆಲಕ್ಕೆ ಚೆಲ್ಲಿತು.

"ಆಯ್ತು, ಕಳ್ಸಾಣ. ನಿಮ್ ಮೊಮ್ಮಗಳ ಕೈಲಿ ಕಳ್ಸಿ."

ಹಾಜಿ ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಸಾನಿಯಾ ಒಳಗಿನಿಂದ ಓಡಿಬಂದಳು. "ಕೊಡಿ ಖಾಲಾ, ನಾನ್ ಕೊಟ್ ಬರ್ತೀನಿ," ಎಂದು ಕ್ಯಾರಿಯರಿನ ಹಿಡಿಗೆ ಕೈ ಹಾಕಿದಳು.

"ಬೇಡ!"

ಹಾಜಿ ಕುರ್ಚಿಯಿಂದ ಎದ್ದ ರಭಸಕ್ಕೆ ಟೋಪಿ ಬಿತ್ತು. ಹುಡುಗಿಯ ರಟ್ಟೆ ಹಿಡಿದು ತಮ್ಮತ್ತ ಎಳೆದುಕೊಂಡರು.

ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವರ ಸೊಸೆ ಜುಬೇದಾ ಮಗಳನ್ನು ನೋಡಿದಳು, ಮಾವನನ್ನು ನೋಡಿದಳು. ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದಳು.

"ನಡೀರಿ ಆಪಾ, ನಾಜಿಮಾನ ಕರ್ಕೊಳ್ಳಾಣ. ಠಾಣೆಗೆ ನಾನೂ ಬರ್ತೀನಿ," ಎಂದು ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿದಳು.

ಗೇಟು ದಾಟುವಾಗ ಮೈಮೂನಾ ಒಮ್ಮೆ ತಿರುಗಿ ನೋಡಿದಳು. ಹಾಜಿ ಮೊಮ್ಮಗಳ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ.